ಚೀಲದಮ್ಮನಿಗಾಗಿ ನಿಂತ ಗಾಡಿ

ಅಕ್ಕನ ಸ್ಟೇಷನ್ನಿನಲ್ಲಿ ಗಾಡಿಗಳು ಒಂದು ನಿಮಿಷವೂ ತಡವಾಗುತ್ತಿರಲಿಲ್ಲ. ಸ್ಟೇಷನ್ ಇದ್ದದ್ದು ಕಂಪ್ಯೂಟರಿನೊಳಗೆ, ಒಂದು ರೈಲು ಗೇಮಿನಲ್ಲಿ. ಆ ಗೇಮ್ ಆಡುವವರೆಲ್ಲ ಇಂಜಿನ್ ಓಡಿಸಲು ಮುಗಿಬೀಳುತ್ತಾರೆ. ಅಕ್ಕ ಮಾತ್ರ ಒಂದು ಪುಟ್ಟ ಸ್ಟೇಷನ್ನಿನ ಮಾಸ್ಟರಾಗಿ ಪ್ಲಾಟ್‌ಫಾರ್ಮ್ ಗುಡಿಸುತ್ತ, ದೀಪದ ಗಾಜು ಒರೆಸುತ್ತ, ಹಸಿರು ಬಾವುಟ ಬೀಸುತ್ತ, ಹೋಗಿಬರುವವರ ಹತ್ತಿರ ಮಾಸ್ಟರಮ್ಮನ ಗತ್ತಿನಲ್ಲಿ ಮಾತಾಡುತ್ತ ವಿಡಿಯೋ ಮಾಡುತ್ತಿದ್ದಳು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ಭಾನುವಾರ ಮಧ್ಯಾಹ್ನ ಸ್ಟೇಷನ್ನಿನಿಂದ ನೇರಪ್ರಸಾರ. ನೋಡುವವರು ಬೆರಳೆಣಿಕೆಯಷ್ಟು. ಇದನ್ನು ಹಾಕಿಕೊಂಡರೆ ಒಳ್ಳೇ ನಿದ್ದೆ ಬರುತ್ತದೆ ಎಂದು ಅವರಲ್ಲೊಬ್ಬರು ಬರೆದಿದ್ದರು. ಅಕ್ಕ ಅದನ್ನೂ ಹೊಗಳಿಕೆಗೇ ಜಮಾ ಮಾಡಿಕೊಂಡಿದ್ದಳು.

ಸ್ಟೇಷನ್ನಿಗೆ ಅವಳೇ ಮಾಡಿದ ಕಟ್ಟಳೆಗಳಿದ್ದವು. ಒಳಗೆ ಕಾಲಿಟ್ಟ ಮೇಲೆ ಯಾರೂ ಪಾತ್ರ ಬಿಟ್ಟು ಮಾತಾಡುವಂತಿಲ್ಲ. ಗಾಡಿ ಹತ್ತಿದವರು ಹತ್ತಿದವರೇ, ಆ ಪಾತ್ರ ಮತ್ತೆ ಅಲ್ಲಿಗೆ ಬರುವಂತಿಲ್ಲ. ಒಮ್ಮೆ ನೋಡುಗನೊಬ್ಬ ಗಡಿಯಾರ ರಿಪೇರಿಯ ಮುದುಕನಾಗಿ ಬಂದು, ಮಾತಿನ ಭರದಲ್ಲಿ ಗಾಡಿ ಹತ್ತಿಬಿಟ್ಟಿದ್ದ. ಮುಂದಿನ ವಾರ ಎಷ್ಟು ಗೋಗರೆದರೂ ಅಕ್ಕ ಅವನನ್ನು ಒಳಗೆ ಬಿಡಲಿಲ್ಲ. ಇದ್ದ ನಾಲ್ಕು ಜನರಲ್ಲಿ ಒಬ್ಬನನ್ನು ಕಳೆದುಕೊಂಡಳು, ಕಟ್ಟಳೆ ಉಳಿಸಿಕೊಂಡಳು. ಅವಳ ಹಟ ಅಂಥದ್ದು.

ತಂಗಿಯನ್ನು ಕರೆದದ್ದೂ ಅವಳೇ. ಯಾರನ್ನೂ ದೂರುವಂತಿಲ್ಲ.

"ಸುಮ್ನೆ ಬಂದು ಬೆಂಚ್ ಮೇಲೆ ಕೂತ್ಕೊಳೇ. ಪ್ಲಾಟ್‌ಫಾರ್ಮ್ ಬಿಕೋ ಅಂತಿದೆ," ಎಂದಿದ್ದಳು.

ತಂಗಿಗೆ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಗೇಮಿನ ಗಂಧಗಾಳಿ ಇಲ್ಲ. ಅಡುಗೆಮನೆಯ ಮೇಜಿನ ಮೇಲೆ ಅಕ್ಕನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಯಾವ ಗುಂಡಿ ಒತ್ತಿದರೆ ನಡೆಯುವುದು, ಯಾವುದು ಒತ್ತಿದರೆ ಓಡುವುದು ಎಂದು ತಡಕಾಡಿ, ಒಂದು ಕಂಬಕ್ಕೆ ಡಿಕ್ಕಿ ಹೊಡೆದು, ದೊಡ್ಡದೊಂದು ಚೀಲ ಹೊತ್ತು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಗಾಡಿಯ ಕೊನೆಯ ಡಬ್ಬಿ ದಾಟುತ್ತಿತ್ತು. ಬೇರೆಯವರಾಗಿದ್ದರೆ ಪಾತ್ರ ಮರೆತು ನಕ್ಕುಬಿಡುತ್ತಿದ್ದರು. ತಂಗಿ ಏದುಸಿರು ಬಿಡುತ್ತ ಕೇಳಿದಳು.

"ಹೋಯ್ತಾ ಮಾಸ್ಟರೇ?"

"ಈಗ ತಾನೇ ಹೋಯ್ತಮ್ಮ. ಕೂತ್ಕೊಳ್ಳಿ, ಮುಂದಿನದು ಬರುತ್ತೆ," ಎಂದಳು ಅಕ್ಕ.

ಅಷ್ಟೇ. ಅಷ್ಟಕ್ಕೇ ಜನ ಬಿದ್ದುಬಿದ್ದು ನಕ್ಕರು, ಅವಳಿಗೆ ಚೀಲದಮ್ಮ ಎಂದು ಹೆಸರಿಟ್ಟರು. ಮುಂದಿನ ಭಾನುವಾರವೂ ಚೀಲದಮ್ಮ ಗಾಡಿ ತಪ್ಪಿಸಿಕೊಂಡಳು, ಅದರ ಮುಂದಿನ ಭಾನುವಾರವೂ. ಪ್ರತಿಸಲ ಒಂದೊಂದು ಸಬೂಬು. ಗಡಿಯಾರವನ್ನು ಕನ್ನಡಿಯಲ್ಲಿ ನೋಡಿ ಹೊತ್ತು ತಪ್ಪಿತಂತೆ. ಮನೆಗೆ ಬೀಗ ಹಾಕಿದ ಮೇಲೆ ತಾನು ಒಳಗೇ ಇರುವುದು ಗೊತ್ತಾಯಿತಂತೆ. ಬಟ್ಟೆ ಬಿಡಿಸಿಕೊಳ್ಳಲು ತಡವಾಗಿ ಬರುವ ಗಿರಾಕಿಗಳ ಬಾಯಲ್ಲಿ ದಿನವೂ ಕೇಳುವ ಸಬೂಬುಗಳಿಗೇ ಅವಳು ಉಪ್ಪುಖಾರ ಹಚ್ಚುತ್ತಿದ್ದಳು. ಬೆರಳಲ್ಲಿ ಎಣಿಸುವಷ್ಟಿದ್ದ ನೋಡುಗರು ನೂರಾದರು, ಸಾವಿರ ದಾಟಿದರು. ಕಾಮೆಂಟಿನಲ್ಲೆಲ್ಲ ಒಂದೇ ಮಾತು: ಹೋಯ್ತಾ ಮಾಸ್ಟರೇ?

ಅಕ್ಕನಿಗೆ ಮೊದಮೊದಲು ಹಿಗ್ಗೋ ಹಿಗ್ಗು. ಆಮೇಲೆ ಗಮನಿಸಿದಳು, ಚೀಲದಮ್ಮ ಬರುವ ಹೊತ್ತಿಗೆ ಸರಿಯಾಗಿ ಜನ ಬರುತ್ತಾರೆ, ಅವಳ ಸಬೂಬು ಮುಗಿದ ಕೂಡಲೇ ಎದ್ದುಹೋಗುತ್ತಾರೆ. ದೀಪದ ಗಾಜು ಒರೆಸುವುದನ್ನು ನೋಡಲು ಒಂದು ನರಪಿಳ್ಳೆಯೂ ಉಳಿಯುವುದಿಲ್ಲ. ಬಾವುಟ ಬೀಸುವ ಮುನ್ನ ಹಳಿಯ ಎರಡೂ ಬದಿ ನೋಡಬೇಕೆಂದು ಎಷ್ಟು ಓದಿಕೊಂಡಿದ್ದಳು. ಅದನ್ನು ಕೇಳುವವರಾರು?

ಅಮ್ಮನೂ ಹಾಗೇ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ನೋಡುತ್ತ, ತಂಗಿ ಬಾಯಿ ಬಿಟ್ಟರೆ ಸಾಕು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತದ್ದು ಕಂಡರೆ, "ನಿನ್ನದೂ ಚೆನ್ನಾಗಿದೆ ಕಣೇ, ಗಂಭೀರವಾಗಿದೆ," ಎನ್ನುವಳು. ಚಿಕ್ಕಂದಿನಿಂದ ಅಕ್ಕನಿಗೆ ಸಿಕ್ಕಿದ್ದು ಇದೇ. ತಂಗಿಗೆ ನಗು, ಅಕ್ಕನಿಗೆ ಗಂಭೀರ.

ಕಿಚ್ಚಿಗೆ ತುಪ್ಪ ಸುರಿದವನು ಅಂಗಡಿಗೆ ಬಂದ ಒಬ್ಬ ಗಿರಾಕಿ. ಹೊಸ ಕನ್ನಡಕ ಏರಿಸಿಕೊಂಡು, ಅಕ್ಕ ಮಾತಾಡುವುದನ್ನೇ ಕಿವಿಗೊಟ್ಟು ಕೇಳಿದ.

"ನಿಮ್ಮ ಧ್ವನಿ ಎಲ್ಲೋ ಕೇಳಿದೀನಿ. ಆ ಸ್ಟೇಷನ್ ವಿಡಿಯೋ..."

ಅಕ್ಕನ ಎದೆ ಅರಳಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು.

"ಚೀಲದಮ್ಮನ ಜೊತೆ ಇರ್ತೀರಲ್ಲ, ಅವರೇ ಅಲ್ವಾ ನೀವು? ಅವರು ನಿಜವಾಗ್ಲೂ ಹಂಗೇನಾ?"

ಜೊತೆ ಇರುವವಳು. ಸ್ಟೇಷನ್ ಅವಳದು, ಬಾವುಟ ಅವಳದು, ಚಾನೆಲ್ ಅವಳದು, ಅವಳೇ ಜೊತೆ ಇರುವವಳು. ಅವತ್ತು ಅಕ್ಕ ಒಬ್ಬರ ಕನ್ನಡಕಕ್ಕೆ ಎಡಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು. ಮನೆಗೆ ಬಂದಾಗ ತಂಗಿ, "ಅಕ್ಕ, ಈ ಸಲದ ಸಬೂಬು ಕೇಳು," ಎಂದು ಎದುರು ಬಂದಳು. ಅಕ್ಕ ತಲೆನೋವೆಂದು ಹೇಳಿ ಕೋಣೆ ಸೇರಿದಳು. ತಲೆ ಚೆನ್ನಾಗಿಯೇ ಇತ್ತು, ನೋವಿದ್ದದ್ದು ಬೇರೆ ಕಡೆ. ಬರಬೇಡ ಎಂದು ಬಾಯಿಬಿಟ್ಟು ಹೇಳಿದರೆ ಹೊಟ್ಟೆಕಿಚ್ಚು ಎಂದಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಾರಿ ಅವಳದೇ ಕಟ್ಟಳೆಯಲ್ಲಿ ಸಿಕ್ಕಿತು.

ಭಾನುವಾರ ಗಾಡಿ ಬಂತು, ಹೊರಡುವ ಹೊತ್ತಾಯಿತು. ಅಕ್ಕ ಎರಡೂ ಬದಿ ನೋಡಿದಳು. ಬಾವುಟ ಎತ್ತಲಿಲ್ಲ. ನೋಡುವವರು ಬರೆಯತೊಡಗಿದರು: ಮಾಸ್ಟರಮ್ಮ, ಟೈಮಾಯ್ತು. ಏನಾಯ್ತು? ದೂರದ ಗೇಟಿನಿಂದ ಚೀಲ ಹೊತ್ತ ಆಕೃತಿ ಓಡೋಡಿ ಬಂತು.

"ಹೋಯ್ತಾ ಮಾಸ್ಟರೇ?"

"ಇಲ್ಲಮ್ಮ. ನಿಮಗೋಸ್ಕರ ನಿಲ್ಲಿಸಿದೀನಿ. ಹತ್ತಿ."

ತಂಗಿಯ ಮಾತು ಅಕ್ಕನಿಗೆ ಯಾವಾಗಲೂ ಎರಡೆರಡು ಸಲ ಕೇಳುತ್ತಿತ್ತು, ಒಮ್ಮೆ ಗೋಡೆಯಾಚೆಯಿಂದ, ಒಮ್ಮೆ ಹೆಡ್‌ಫೋನಿನಲ್ಲಿ. ಈಗ ಅಡುಗೆಮನೆಯಲ್ಲಿ ಕುರ್ಚಿ ಸರಿದದ್ದು ಮಾತ್ರ ಕೇಳಿಸಿತು.

"ಟಿಕೆಟ್ ತಗೊಂಡಿಲ್ವಲ್ಲ ಮಾಸ್ಟರೇ," ಎಂದಳು ತಂಗಿ ಕೊನೆಗೆ.

"ನಾನು ಕೊಡ್ತೀನಿ."

"ಚೀಲದ ಕೈ ಕಿತ್ತುಬಂದಿದೆ. ಹೊಲಿಸ್ಕೊಂಡು ಮುಂದಿನ ವಾರ..."

"ಗಂಟು ಹಾಕಿ ಕೊಡ್ತೀನಿ, ತನ್ನಿ."

ಚೀಲದಮ್ಮ ಡಬ್ಬಿ ಹತ್ತಿ, ಬಾಗಿಲಲ್ಲಿ ತಿರುಗಿ ನಿಂತಳು.

"ನಾನು ಹೋದ್ರೆ ನೀವು ಒಬ್ಬರೇ ಆಗ್ತೀರಲ್ಲ?"

"ಮಾಸ್ಟರಿಗೆ ಅದು ಅಭ್ಯಾಸ," ಎಂದಳು ಅಕ್ಕ.

"ನಿಜ ಹೇಳ್ಲಾ ಮಾಸ್ಟರೇ? ನನಗೆ ಹೋಗೋ ಊರೇ ಇರಲಿಲ್ಲ. ನಿಮ್ಮ ಪಕ್ಕ ಕೂರೋಕೆ ಬರ್ತಿದ್ದೆ."

ಅಕ್ಕನ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಬೇಡ, ಇಳಿದುಬಿಡು ಎನ್ನಲು ಅಷ್ಟು ಹೊತ್ತು ಸಾಕಿತ್ತು. ಬಾವುಟ ಬೀಸಿದಳು.

ಆ ವಿಡಿಯೋ ಓಡಿದ ಹಾಗೆ ಯಾವುದೂ ಓಡಲಿಲ್ಲ. ಗೊತ್ತಿಲ್ಲದವರೆಲ್ಲ ಹಂಚಿದರು, ಅತ್ತರು. ಮಾಸ್ಟರಮ್ಮನದು ಎಂಥಾ ದೊಡ್ಡ ಮನಸ್ಸು, ಒಬ್ಬಳಿಗಾಗಿ ಗಾಡಿ ನಿಲ್ಲಿಸಿದಳಲ್ಲ ಎಂದು ಬರೆದರು. ಬೇಕಾದದ್ದು ಕೈಗೆ ಬಂದಿತ್ತು. ಅಕ್ಕ ಒಂದೊಂದನ್ನೂ ಓದಿದಳು, ಒಂದೂ ಗಂಟಲಿನಿಂದ ಕೆಳಗಿಳಿಯಲಿಲ್ಲ.

ತಂಗಿ ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ತಂದು ಅಕ್ಕನ ಮಂಚದ ಮೇಲಿಟ್ಟಳು.

"ಚೆನ್ನಾಗಿ ಬಂತಕ್ಕ," ಎಂದಳು.

"ಬೇಜಾರಾಯ್ತೇನೇ?"

"ಹತ್ತಿದವರು ಹತ್ತಿದವರೇ ಅಲ್ವಾ. ಅದರಲ್ಲಿ ಬೇಜಾರೇನು."

ಮುಂದಿನ ಭಾನುವಾರ ಸ್ಟೇಷನ್ ನೋಡಲು ಜಾತ್ರೆಯೇ ನೆರೆಯಿತು. ಮಾಸ್ಟರಮ್ಮ ಗುಡಿಸಿದಳು, ದೀಪ ಒರೆಸಿದಳು, ಬಾವುಟ ಬೀಸಿದಳು. ಗಾಡಿ ಹೋಯಿತು. ಗೇಟಿನಿಂದ ಯಾರೂ ಓಡಿಬರಲಿಲ್ಲ. ಜನ ಸ್ವಲ್ಪ ಹೊತ್ತು ಕಾದು, ಹೋಯ್ತಾ ಮಾಸ್ಟರೇ ಎಂದು ತಾವೇ ಬರೆದು ತಾವೇ ನಕ್ಕು ಎದ್ದರು. ವಾರ ಕಳೆದಂತೆ ಅದನ್ನು ಬರೆಯುವವರೂ ಕಡಿಮೆಯಾದರು. ಎದುರಿನವರಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡವಳಿಗೆ ಉಳಿದದ್ದು ಕೊಯ್ದ ಮೂಗು. ಹೂ ಮಾರುವವಳಾಗಿ ಬಾ ಎಂದು ತಂಗಿಯನ್ನು ಕರೆಯೋಣವೆಂದರೆ, ಒಂದು ಮಾತಾಡಿದರೆ ಸಾಕು, ಧ್ವನಿ ಎಲ್ಲರಿಗೂ ಗೊತ್ತಾಗುತ್ತದೆ. ಕರೆಯುವ ಮುಖವಾದರೂ ಎಲ್ಲಿತ್ತು?

ಹೀಗೇ ಒಂದು ಭಾನುವಾರ ಗಾಡಿ ಹೊರಡುವ ಹೊತ್ತಾಗಿತ್ತು. ನೋಡುವವರು ಮತ್ತೆ ಬೆರಳೆಣಿಕೆಗೆ ಬಂದಿದ್ದರು. ಅಕ್ಕ ಎರಡೂ ಬದಿ ನೋಡಿ, ಬಾವುಟ ಎತ್ತದೆ, ಸುಮ್ಮನೆ ಗೇಟಿನ ಕಡೆ ನೋಡುತ್ತ ಕೂತಳು. ಗೋಡೆಯಾಚೆ ತಂಗಿ ಯಾವುದೋ ಗಿರಾಕಿಯ ಸಬೂಬನ್ನು ಅಭಿನಯಿಸಿ ಹೇಳುತ್ತಿದ್ದಳು, ಅಮ್ಮ ನಗುತ್ತಿದ್ದಳು. ಅಕ್ಕನಿಗೆ ಆಗಲೂ ಹೊಟ್ಟೆ ಉರಿಯಿತು. ಆದರೆ ಉರಿದದ್ದು ಚೀಲದಮ್ಮನ ಮೇಲಲ್ಲ, ಆ ಮೇಜಿನ ಸುತ್ತ ಕೂತು ನಗುವವರ ಮೇಲೆ, ಅವರ ನಡುವೆ ತಾನಿಲ್ಲವೆಂದು. ಹೆಡ್‌ಫೋನ್ ತೆಗೆದಿಟ್ಟು, ನೇರಪ್ರಸಾರವನ್ನು ಹಾಗೇ ಬಿಟ್ಟು, ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. ತಂಗಿ ಬಟಾಣಿ ಸುಲಿಯುತ್ತಿದ್ದಳು. ಅಕ್ಕನನ್ನು ಕಂಡು ಮಾತು ನಿಲ್ಲಿಸಿದಳು.

"ಹೋಯ್ತಾ ಮಾಸ್ಟರೇ?" ಎಂದಳು ಅಕ್ಕ.

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ತಂಗಿ ತಲೆ ಎತ್ತದೆ ಇನ್ನೊಂದು ಸಿಪ್ಪೆ ಬಿಡಿಸಿದಳು.

"ಈಗ ತಾನೇ ಹೋಯ್ತಮ್ಮ," ಎಂದಳು.

ಆ ಮಾತಿಗೆ ಇನ್ನರ್ಧ ಇತ್ತು. ಕೂತ್ಕೊಳ್ಳಿ, ಮುಂದಿನದು ಬರುತ್ತೆ. ಎಷ್ಟೋ ಭಾನುವಾರ ಅಕ್ಕ ಅದನ್ನು ಬೇಸರವಿಲ್ಲದೆ ಹೇಳಿದ್ದಳು. ಈಗ ಅದಕ್ಕಾಗಿ ಬಾಗಿಲಲ್ಲಿ ನಿಂತು ಕಾದಳು. ತಂಗಿ ಹೇಳಲಿಲ್ಲ.

ಕೊನೆಗೆ ಅಕ್ಕ ಯಾರೂ ಕರೆಯದೆ ತಾನೇ ಕುರ್ಚಿ ಎಳೆದು ಕೂತು, ಬಟ್ಟಲಿನಿಂದ ಒಂದು ಹಿಡಿ ಬಟಾಣಿಕಾಯಿ ತೆಗೆದುಕೊಂಡಳು. ತಂಗಿ ಬಟ್ಟಲನ್ನು ಅತ್ತ ಸರಿಸಿಕೊಳ್ಳಲೂ ಇಲ್ಲ, ಇತ್ತ ತಳ್ಳಲೂ ಇಲ್ಲ. ಅಕ್ಕನ ಕೋಣೆಯಲ್ಲಿ, ಕಂಪ್ಯೂಟರಿನೊಳಗೆ, ಗಾಡಿ ಇನ್ನೂ ಬಾವುಟಕ್ಕೆ ಕಾಯುತ್ತ ನಿಂತೇ ಇತ್ತು.