ಮೇಜಿನ ಮೂಲೆಯ ಉಕ್ಕಿನ ಹಗ್ಗ

ಹಸಿರು, ಅವಳ ಕಿವಿಯ ಮೇಲೆ ಹಸಿರು ಬಣ್ಣ, ಕೂದಲಿಗೂ ಹತ್ತಿದೆ, ಪಾಪ ಓಡಿ ಬಂದಿದ್ದಾಳೆ, ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಳೆ, ನಾಟಕದ ಪರದೆಗೆ ಬಣ್ಣ ಬಳಿಯುವ ಗುಂಪಿನವಳೇ ಇರಬೇಕು, ಆ ಗುಂಪು ಯಾವತ್ತಾದರೂ ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಬಂದದ್ದುಂಟೇ, ನಮ್ಮ ಕಾಲದಲ್ಲೂ ಹೀಗೆಯೇ, ಚರ್ಚಾಕೂಟದವರು ಮೊದಲು ಬಂದು ಮುಂದಿನ ಸಾಲು ಹಿಡಿಯುವುದು, ನಕ್ಷತ್ರ ನೋಡುವ ಕೂಟದವರು ಆಕಳಿಸುತ್ತ ಬರುವುದು, ನಾಟಕದವರು ಎಲ್ಲ ಮುಗಿಯುವಾಗ ಮೈತುಂಬ ಬಣ್ಣ ಮೆತ್ತಿಕೊಂಡು — ಬಾರೇ, ಒಳಗೆ ಬಾ, ಮೇಜಿನ ಮೇಲೆ ಇನ್ನೂ ಉಳಿದಿವೆ, ತಿರುಗಿ ಹೋಗಿಬಿಡಬೇಡ ಮಾರಾಯ್ತಿ, ಸಭಾಂಗಣದ ಬಾಲ್ಕನಿಯ ಪರದೆಯ ಸಂದಿಗೆ ಕಣ್ಣು ಹಚ್ಚಿಕೊಂಡು ಹೀಗೆ ಮನಸ್ಸಿನಲ್ಲೇ ಕೂಗುತ್ತಿರುವ ನಾನು ಒಬ್ಬಳು ಲಿಫ್ಟ್ ಇನ್‌ಸ್ಪೆಕ್ಟರ್, ಊರಿನ ಅರ್ಧಕ್ಕರ್ಧ ಲಿಫ್ಟುಗಳ ಹಣೆಬರಹ ನನ್ನ ಸಹಿಯಲ್ಲಿದೆ, ಕಟ್ಟಡದ ಮಾಲೀಕರು ನನ್ನ ಹೆಲ್ಮೆಟ್ ಕಂಡರೆ ಬೆವರುತ್ತಾರೆ, ಇಲ್ಲಿ ನೋಡಿದರೆ ನನ್ನ ಅಂಗೈಯೇ ಬೆವರಿ ತೊಪ್ಪೆಯಾಗಿದೆ, ಯಾಕೆಂದರೆ ನಮ್ಮ ಕಾಲೇಜಿನ ಆನರ್ಸ್ ವಿಭಾಗದ ಈ ಆಟ ಹಾಗಿದೆ, ಹಳೆಯ ವಿದ್ಯಾರ್ಥಿಗಳು ತಮ್ಮ ಕೆಲಸದ ಒಂದು ಸಾಮಾನು ತಂದು ಉದ್ದ ಮೇಜಿನ ಮೇಲಿಟ್ಟು, ಮೇಲೆ ಹತ್ತಿ ಪರದೆಯ ಹಿಂದೆ ಕೂರಬೇಕು, ಹೆಸರಿಲ್ಲ, ಹುದ್ದೆಯಿಲ್ಲ, ಹೊಸ ಮಕ್ಕಳು ಬಂದು ಮುಟ್ಟಿ ತಿರುಗಿಸಿ ಮೂಸಿ ನೋಡಿ, ಮನಸ್ಸಿಗೆ ಹಿಡಿಸಿದ್ದನ್ನು ಎತ್ತಿಕೊಂಡು ಗಂಟೆ ಬಾರಿಸಿದರೆ ಆ ಸಾಮಾನಿನವರು ಇಳಿದು ಹೋಗಬೇಕು, ಅಲ್ಲಿಂದ ಓದು ಮುಗಿಯುವ ತನಕ ಆ ಮಗುವಿಗೆ ಅವರೇ ಮೆಂಟರ್, ಮಗು ಅವರ ಪಾಲು, ಅವರು ಮಗುವಿನ ಪಾಲು, ಯಾರೂ ಎತ್ತದೆ ಉಳಿದ ಸಾಮಾನಿನವರು ಅದನ್ನು ಚೀಲಕ್ಕೆ ಹಾಕಿಕೊಂಡು ಕಾಫಿ ಕುಡಿದು ಮನೆಗೆ ಹೋಗುವುದು, ಮೇಜಿನ ಮೇಲಿನ ಆ ಜಾಗ ಮುಂದಿನ ವರ್ಷ ಬೇರೆಯವರಿಗೆ, ಒಬ್ಬ ಬ್ಯಾಂಕ್ ಮ್ಯಾನೇಜರ್ ಆಗಲೇ ಕಾದು ಕೂತಿದ್ದಾನಂತೆ, ಅವನಿಗೆ ನನ್ನ ಜಾಗ ಸಿಗಬಾರದು, ಅದು ನನ್ನದೂ ಅಲ್ಲ, ಸೇತುವೆ ಮೇಡಂ ಅವರದು.

ಸೇತುವೆ ಮೇಡಂ ನನ್ನ ಪಕ್ಕದಲ್ಲೇ ಕೂತಿದ್ದಾರೆ, ಕೋಲನ್ನು ಮಂಡಿಗೆ ಒರಗಿಸಿಕೊಂಡು, ಜೀವಮಾನವೆಲ್ಲ ಸೇತುವೆಗಳ ಗಟ್ಟಿತನ ಪರೀಕ್ಷಿಸಲು ಹತ್ತಿ ಇಳಿದ ಮಂಡಿ ಈಗ ಮುಷ್ಕರ ಹೂಡಿದೆ, ಅದಕ್ಕೇ ಈ ವರ್ಷ ಮೇಜಿನ ಮೇಲಿನ ತಮ್ಮ ಮೂಲೆಯನ್ನು ನನಗೆ ಬಿಟ್ಟುಕೊಟ್ಟರು, ನನ್ನ ಮೆಂಟರ್ ಅವರು, ಆ ಮೂಲೆಯಿಂದಲೇ ನಾನು ಅವರಿಗೆ ಸಿಕ್ಕಿದ್ದು, ಸಿಕ್ಕಿದ್ದು ಎಂದರೇನು ಬಂತು, ಬಿದ್ದದ್ದು, ಅವತ್ತು ಅವರು ಅಲ್ಲಿಟ್ಟಿದ್ದು ಒಂದು ತುಕ್ಕು ಹಿಡಿದ ದಪ್ಪ ಬೋಲ್ಟು, ತುದಿಗೊಂದು ನಟ್ಟು, ಈಗ ನನ್ನ ಮುಷ್ಟಿಯಲ್ಲಿರುವುದೂ ಅದೇ, ನಾನು ಅದನ್ನು ಆರಿಸಿಕೊಳ್ಳಲಿಲ್ಲ, ಮೇಜಿನದೇ ಕಳಚಿ ಬಿದ್ದಿದೆ ಅಂದುಕೊಂಡೆ, ಮೇಜು ಬೇರೆ ಸ್ವಲ್ಪ ಅಲುಗಾಡುತ್ತಿತ್ತು, ಸರಿ, ಬೋಲ್ಟು ಹಿಡಿದು ಮೇಜಿನ ಕೆಳಗೆ ನುಸುಳಿದೆ, ಎಲ್ಲಿಯದಿದು, ಯಾವ ತೂತಿಗೆ ಸೇರಬೇಕಾದ್ದು, ಒಂದಕ್ಕೂ ಕೂರುತ್ತಿಲ್ಲವಲ್ಲ, ಮೇಲೆ ಇಡೀ ಸಭಾಂಗಣ ನಗುತ್ತಿದೆ, ನನಗೆ ಕೇಳಿಸುತ್ತಲೇ ಇಲ್ಲ, ಒಂದು ಜೊತೆ ಕೆಸರಾದ ಬೂಟು ನನ್ನ ಮುಖದ ಮುಂದೆ ಬಂದು ನಿಂತಿತು, ಬೂಟಿನ ಮೇಲಿನಿಂದ ಒಂದು ದನಿ, ಏನಮ್ಮಾ ಹುಡುಕ್ತಿದೀಯಾ ಅಂತು, ಇದು ಎಲ್ಲಿಂದ ಬಿತ್ತು ಅಂತ ನೋಡ್ತಿದೀನಿ ಅಂದೆ, ಗಂಟೆ ಹೊಡೀಲಿಲ್ವಾ ಅಂತು ಬೂಟು, ಮೇಜು ಅಲ್ಲಾಡ್ತಿದೆ ಮೊದ್ಲು ಇದನ್ನ ಸರಿ ಮಾಡೋಣ ಅಂದೆ, ಆಮೇಲೆ ಬೂಟಿನವರೇ ಕೈಚಾಚಿ ಗಂಟೆ ಹೊಡೆದರು, ಇಷ್ಟು ವರ್ಷದ ಇತಿಹಾಸದಲ್ಲಿ ಮೆಂಟರೇ ಗಂಟೆ ಹೊಡೆದದ್ದು ಅದೊಂದೇ ಸಲ, ಕಳ್ಳಾಟ ಅಂತ ಇವತ್ತಿಗೂ ನನ್ನ ಸಹಪಾಠಿ ಡಾಕ್ಟರ್ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ — ಆ ನಟ್ಟು ತಿರುಗಿಸೋದು ನಿಲ್ಸೇ, ಕಿರ್ ಕಿರ್ ಅಂತಿದೆ, ಕೆಳಗಡೆ ಕೇಳುತ್ತೆ, ಎನ್ನುತ್ತಾರೆ ಮೇಡಂ ಪಕ್ಕದಿಂದ, ನಾನು ಬೋಲ್ಟನ್ನು ಮಡಿಲಿಗೆ ಹಾಕಿಕೊಳ್ಳುತ್ತೇನೆ, ಎರಡು ಕ್ಷಣಕ್ಕೆ ಮತ್ತೆ ಕೈಗೆ ಬಂದಿರುತ್ತದೆ, ಎಷ್ಟು ಓಡಾಡಿಸಿದರು ನನ್ನನ್ನು, ಚರ್ಚಾಸ್ಪರ್ಧೆಯ ಅಂತಿಮ ಸುತ್ತಿಗೆ ಬಂದು ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದರು, ಚೆನ್ನಾಗಿ ಮಾತಾಡ್ದೆ ಕಣೇ ಅಂತ ಎದ್ದ ಮೇಲೆ ಹೇಳಿದರು, ಭಾನುವಾರ ಬೆಳಗ್ಗೆ ಸೇತುವೆಗೆ ಕರೆದುಕೊಂಡು ಹೋದರು, ಗಾಳಿಗೆ ನನ್ನ ಜಡೆ ಬಾವುಟವಾಗಿತ್ತು, ಸೇತುವೆಯನ್ನು ಹಿಡಿದು ನಿಲ್ಲಿಸಿದ ಉಕ್ಕಿನ ಹಗ್ಗ, ನನ್ನ ತೋಳಿನಷ್ಟು ದಪ್ಪ, ನೋಡು ಇದು ಚೆನ್ನಾಗಿದೆಯಾ ಅಂದರು, ನೋಡಿದೆ, ಚೆನ್ನಾಗಿದೆ ಮೇಡಂ ಅಂದೆ, ಬರಿಗೈಯಲ್ಲಿ ಸವರಿಯೂ ಬಿಟ್ಟೆ, ಜಾಣೆಯಲ್ಲವೇ, ಬೆರಳು ಸೀಳಿ ರಕ್ತ, ಮೇಡಂ ತಮ್ಮ ಹಳೇ ಅಂಗಿಯ ತೋಳೊಂದನ್ನು ಜೇಬಿನಿಂದ ತೆಗೆದರು, ನೀಲಿ ಬಣ್ಣದ್ದು, ಅದನ್ನು ಹಗ್ಗಕ್ಕೆ ಸುತ್ತಿ ಹಗುರವಾಗಿ ಹಿಡಿದು ಎಳೆಯುತ್ತ ಹೋದರು, ಬಟ್ಟೆ ಜಾರುತ್ತ ಹೋಯಿತು, ಹೋಯಿತು, ನಿಂತಿತು. ಎಳೆದರೂ ಬರಲಿಲ್ಲ. ಕಣ್ಣಿಗೆ ಕಾಣದ ಒಂದು ತುಂಡಾದ ತಂತಿ ಬಟ್ಟೆಯನ್ನು ಹಿಡಿದುಕೊಂಡಿತ್ತು. ನೋಡಿದ್ಯಾ, ಇಲ್ಲಿದೆ ಅಂದರು ಮೇಡಂ, ಕಳೆದುಹೋಗಿದ್ದ ಕೀಲಿಕೈ ಸಿಕ್ಕವರ ಹಾಗೆ ನಕ್ಕರು, ಅವತ್ತೇ ತೀರ್ಮಾನವಾಗಿಹೋಯಿತು ನನ್ನ ಬದುಕು, ನೀಲಿ ತೋಳು ಗಾಳಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಅಲ್ಲಿಂದ ಕದಲಲಿಲ್ಲ.

ಆಮೇಲೆ ಮನೆಯಲ್ಲಿ ಅಪ್ಪ, ಆನರ್ಸ್ ಓದಿ ಲಿಫ್ಟ್ ಹತ್ತಿ ಇಳಿಯೋ ಕೆಲಸಾನಾ, ಅದನ್ನ ನಾನೂ ಮಾಡ್ತೀನಿ ಓದಿಲ್ದೆ, ಎಂದು ಹಂಗಿಸಿದ್ದೇ ಹಂಗಿಸಿದ್ದು, ಆಮೇಲೆ ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನೊಳಗೆ ನನ್ನ ಸಹಿ ಹುಡುಕಿ, ನನ್ನ ಮಗಳು ಕಣ್ರೀ, ಎಂದು ಗುರುತು ಪರಿಚಯವಿಲ್ಲದವರಿಗೆ ತೋರಿಸಿದ್ದೂ ಅದೇ ಅಪ್ಪನೇ, ಮಗಳು ಅಂದರೆ ನನ್ನ ಮಗಳು ನೆನಪಾಗುತ್ತಾಳೆ, ಇವತ್ತು ಬೆಳಗ್ಗೆ ಹಲ್ಲುಜ್ಜುತ್ತ ಬಂದು, ಅಮ್ಮಾ ಇದನ್ನಾ ಇಡ್ತೀಯಾ, ಇಲಿ ಬಾಲದ ಹಾಗಿದೆ, ಯಾರು ಎತ್ಕೋತಾರೆ, ರಿಬ್ಬನ್ ಆದ್ರೂ ಕಟ್ಟು, ಬೇಡ ಕಣೇ ಅಲಂಕಾರ ಮಾಡಬಾರದು ಅಂತ ನಿಯಮ ಇದೆ, ಮತ್ತೆ ಪೈಲಟ್ ಮಾಮ ಟೊಪ್ಪಿ ಇಡ್ತಾರಲ್ಲ, ಅದು ಮೋಸ ಅಲ್ವಾ, ಹೌದು ಮೋಸವೇ, ಟೊಪ್ಪಿ ಕಂಡರೆ ಯಾವ ಮಗು ಬಿಟ್ಟೀತು, ಇವತ್ತೂ ಅದೇ ಆಯಿತು, ಬಾಗಿಲು ತೆಗೆದದ್ದೇ ತಡ ಟೊಪ್ಪಿ ಹೋಯಿತು, ಡಾಕ್ಟರನ ಸ್ಟೆತಸ್ಕೋಪು ಹೋಯಿತು, ಅವನು ನನಗೆ ಕಣ್ಣು ಮಿಟುಕಿಸುತ್ತ ಇಳಿದು ಹೋದ, ಪಿಟೀಲು ಮಾಡುವವಳ ಅರ್ಧ ಕೆತ್ತಿದ ಮರ ಹೋಯಿತು, ಬೇಕರಿಯವನ ಉದ್ದ ಹಿಡಿಯ ಸಟ್ಟುಗ ಕೂಡ ಹೋಯಿತು, ನನ್ನದು ಮಾತ್ರ ಮೂಲೆಯಲ್ಲಿ, ಲಿಫ್ಟಿನ ಉಕ್ಕಿನ ಹಗ್ಗದ ಮೊಳದುದ್ದದ ತುಂಡು, ಎರಡೂ ತುದಿಗೆ ಟೇಪು ಸುತ್ತಿದ್ದು, ಒಬ್ಬ ಹುಡುಗ ಎತ್ತಿದ, ಕತ್ತಿಯ ಹಾಗೆ ಬೀಸಿದ, ಗೆಳೆಯನ ಬೆನ್ನಿಗೆ ತಿವಿದ, ಕೈಜಾರಿ ನೆಲಕ್ಕೆ ಬೀಳಿಸಿದ, ಎತ್ತಿ ಮೇಜಿಗೆ ಎಸೆದು ಹೋದ, ಹೋಗು, ನೀನು ಆರನೇ ಮಹಡಿಯಲ್ಲಿದ್ದಾಗಲೇ ಲಿಫ್ಟ್ ಕೆಡಲಿ, ಇಲ್ಲ ಇಲ್ಲ, ಕೆಡದಿರಲಿ, ಇನ್‌ಸ್ಪೆಕ್ಟರ್ ಬಾಯಲ್ಲಿ ಅಂಥ ಮಾತು ಬರಬಾರದು, ಆರನೇ ಮಹಡಿ ಅಂದರೆ ಆ ಅಜ್ಜಿ, ಈ ತುಂಡು ಅವಳ ಕಟ್ಟಡದ್ದೇ, ಆ ಹಗ್ಗದಲ್ಲಿ ಅಲ್ಲಲ್ಲಿ ತಂತಿಗಳು ತುಂಡಾಗಿದ್ದವು, ಹೊಸದು ಹಾಕುವ ತನಕ ಲಿಫ್ಟ್ ಓಡಿಸಬೇಡಿ ಎಂದು ಬೀಗ ಹಾಕಿಸಿದೆ, ಮೆಟ್ಟಿಲು ಹತ್ತಿ ಹತ್ತಿ ಸುಸ್ತಾದ ಅಜ್ಜಿ ಕಂಬಿ ಹಿಡಿದು ನಿಂತು, ನಿನ್ ಮನೆ ಲಿಫ್ಟೂ ನಿಂತ್ಹೋಗ, ನಿನ್ ಕಾಲೂ ಬಿದ್ಹೋಗ, ಅಂತ ಮನಸಾರೆ ಬೈದಳು, ಹಳೇ ಹಗ್ಗ ಇಳಿಸಿದ ದಿನ ಕಡಿದುಕೊಂಡು ಬಂದ ತುಂಡು ಅವಳಿಗೆ ತೋರಿಸಿದೆ, ಕರವಸ್ತ್ರ ಸುತ್ತಿ ಎಳೆದೆ, ಕರವಸ್ತ್ರ ನಿಂತಿತು, ಅಜ್ಜಿ ಬಗ್ಗಿ ನೋಡಿದಳು, ಆಮೇಲೆ ಎರಡು ಬಾಳೆಹಣ್ಣು ಕೊಟ್ಟಳು, ಬೈಗುಳ ಮಾತ್ರ ವಾಪಸ್ ತಗೊಳ್ಳಲಿಲ್ಲ. ಇದೆಲ್ಲ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಇಡುವಂತಿದ್ದರೆ, ಇಡುವಂತಿಲ್ಲ, ನನಗೆ ಬೇಕು ಒಂದು ಮಗು, ಸುಳ್ಳು ಯಾಕೆ ಹೇಳಲಿ, ಯಾರೂ ಎತ್ತದಿದ್ದರೆ ಏನೀಗ ಎಂದು ಮಗಳ ಮುಂದೆ ಜಂಬ ಕೊಚ್ಚಿಕೊಂಡೆ, ಆದರೆ ಬೇಕು, ಭಾನುವಾರ ಬೆಳಗ್ಗೆ ಯಾರನ್ನಾದರೂ ಲಿಫ್ಟಿನ ನೆತ್ತಿಯ ಮೇಲೆ ಹತ್ತಿಸಿ ನಿಲ್ಲಿಸಬೇಕು, ಯಾರದಾದರೂ ಚರ್ಚಾಸ್ಪರ್ಧೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಗೊರಕೆ ಹೊಡೆಯಬೇಕು, ಮೇಡಂ ಕೊಟ್ಟದ್ದು ನನ್ನಲ್ಲೇ ನಿಂತುಹೋಗಬಾರದು.

ಹಸಿರು ಕಿವಿಯವಳು ಮೇಜಿನ ಹತ್ತಿರ ಬಂದಳು, ಉಳಿದಿರುವುದೇ ನಾಲ್ಕೋ ಐದೋ, ವಕೀಲನ ಪೆನ್ನು ನೋಡಿದಳು, ಬಿಟ್ಟಳು, ಗಾಜಿನ ನಳಿಗೆ ನೋಡಿದಳು, ಮುಟ್ಟಲೂ ಇಲ್ಲ, ಕೈಯೆಲ್ಲ ಬಣ್ಣವಲ್ಲವೇ, ಸಂಕೋಚ, ನನ್ನ ಮೂಲೆಗೆ ಬಂದಳು, ಮೇಡಂ ನನ್ನ ಮೊಣಕೈ ಹಿಡಿದುಕೊಂಡರು, ನಾನು ಮೇಡಂ ಕೋಲು ಹಿಡಿದುಕೊಂಡೆ, ಎತ್ತಿದಳು, ತೂಕ ನೋಡಿದಳು, ಬಗ್ಗಿಸಿದಳು, ಅದು ಅವಳ ಮಾತು ಕೇಳಲಿಲ್ಲ, ಹುಬ್ಬೇರಿಸಿದಳು, ಇಟ್ಟುಬಿಟ್ಟಳು. ಅಯ್ಯೋ. ಹೋಯಿತು, ಬ್ಯಾಂಕ್ ಮ್ಯಾನೇಜರನಿಗೆ ಹೋಯಿತು ಮೂಲೆ, ಅವನು ಏನು ಇಡುತ್ತಾನೋ, ರಬ್ಬರ್ ಸ್ಟಾಂಪು — ಇರು, ತಿರುಗಿ ಬರುತ್ತಿದ್ದಾಳೆ, ಯಾಕೆ, ಹಗ್ಗದ ಮೇಲೆ ಅವಳ ಹೆಬ್ಬೆರಳಿನ ಹಸಿರು ಗುರುತು, ಹಾಳು ಮಾಡಿಬಿಟ್ಟೆ ಎಂಬ ಮುಖ ಮಾಡಿಕೊಂಡು ಸುತ್ತ ನೋಡುತ್ತಿದ್ದಾಳೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಣ್ಣ ಒರೆಸುವ ಬಟ್ಟೆ ತೆಗೆದಳು, ಮೇಡಂ ನನ್ನ ಮೊಣಕೈ ಚಿವುಟಿದರು, ಹಗ್ಗಕ್ಕೆ ಬಟ್ಟೆ ಸುತ್ತಿದಳು, ಒರೆಸಿದಳು, ಒಂದು ತುದಿಯಿಂದ, ಮೆಲ್ಲಗೆ, ಒಳ್ಳೆಯ ಹುಡುಗಿ, ಜಾರುತ್ತ ಹೋಯಿತು, ಹೋಯಿತು, ನಿಂತಿತು. ಅವಳೂ ನಿಂತಳು. ಎಳೆದಳು, ಬರಲಿಲ್ಲ, ಬಿಡಿಸಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಎಳೆದುಕೊಂಡು ಬಂದಳು, ಅದೇ ಜಾಗದಲ್ಲಿ ನಿಂತಿತು, ಮುಖವನ್ನು ಹಗ್ಗಕ್ಕೆ ತಾಗುವಷ್ಟು ಹತ್ತಿರ ತಂದು ನೋಡಿದಳು, ತುಟಿ ಕಚ್ಚಿಕೊಂಡಳು, ಹಗ್ಗ, ಅದಕ್ಕೆ ಜೋತುಬಿದ್ದ ಬಟ್ಟೆ, ಎರಡನ್ನೂ ಹಾಗೆಯೇ ಎತ್ತಿಕೊಂಡು ಗಂಟೆಯ ಹತ್ತಿರ ಹೋಗಿ ಢಣ್ ಎಂದು ಒಂದೇ ಏಟು ಹೊಡೆದಳು, ಇಳಿಯೇ ಇಳಿ, ನಿನ್ನನ್ನೇ ಕರೀತಿರೋದು, ಎನ್ನುತ್ತಿದ್ದಾರೆ ಮೇಡಂ, ನಾನು ಇನ್ನೂ ಪರದೆ ಹಿಡಿದೇ ಕೂತಿದ್ದೇನೆ, ಇಲ್ಲಿ ಲಿಫ್ಟ್ ಇಲ್ಲ ತಾಯಿ, ಮೆಟ್ಟಿಲಲ್ಲೇ ಇಳೀಬೇಕು, ಹೋಗು, ಎಂದು ಕೋಲಿನಿಂದ ತಿವಿದರು, ಇಳಿದೆನೋ ಉರುಳಿದೆನೋ, ಬೋಲ್ಟು ಕೈಯಲ್ಲೇ ಇದೆ, ಅವಳು ನನ್ನ ಇನ್‌ಸ್ಪೆಕ್ಟರ್ ಅಂಗಿ ನೋಡಿ ಹೆದರಿದಳು, ಮೇಡಂ ಇದು ನಿಮ್ಮದಾ, ನಾನು ಮುರಿದಿಲ್ಲ ಮೇಡಂ, ಬಣ್ಣ ಒರೆಸ್ತಿದ್ದೆ ಅಷ್ಟೇ, ಇಲ್ಲೊಂದು ತಂತಿ ಎದ್ದಿದೆ, ಯಾರಿಗಾದ್ರೂ ಚುಚ್ಚುತ್ತೆ ಅಂತ ಗಂಟೆ ಹೊಡ್ದೆ, ಹೇಳ್ಬೇಕಲ್ವಾ, ಹೇಳಬೇಕು ಕಣಮ್ಮ, ಖಂಡಿತ ಹೇಳಬೇಕು, ಆದರೆ ಗಂಟೆ ಹೊಡೆದ್ರೆ ಏನರ್ಥ ಗೊತ್ತಾ ನಿಂಗೆ, ಇಲ್ಲ ಮೇಡಂ, ನಾನು ಲೇಟಾಗಿ ಬಂದೆ, ಅವರು ನಿಯಮ ಹೇಳಿದಾಗ ನಾಟಕದ ಪರದೆ ಮೇಲಿನ ಕಾಡಿಗೆ ಹಸಿರು ಬಳೀತಿದ್ದೆ, ಸಭಾಂಗಣ ಗೊಳ್ಳೆಂದಿತು, ಬಾಲ್ಕನಿಯಿಂದ ಒಂದು ಮುದಿ ನಗು ಎಲ್ಲರದಕ್ಕಿಂತ ಜೋರಾಗಿ ಕೇಳಿತು, ನನಗೂ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದೆ, ಮೆಂಟರ್, ಲಿಫ್ಟು, ಭಾನುವಾರ, ನೀನು ಬೇಕೂಂತ ಹೊಡೆದದ್ದಲ್ಲ, ಮೇಜಿಗೆ ವಾಪಸ್ ಇಟ್ಟು ಬೇರೆ ಆರಿಸ್ಕೋಬಹುದು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ ಎಂದೆ, ಆ ಕೊನೆಯ ಮಾತು ಶುದ್ಧ ಸುಳ್ಳು.

ಅವಳು ನನ್ನ ಮಾತು ಕೇಳಿದಳೋ ಇಲ್ಲವೋ, ಹಗ್ಗವನ್ನೇ ನೋಡುತ್ತಿದ್ದಾಳೆ, ಮೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಮುಂದಕ್ಕೂ ನೋಡ್ಲಾ ಮೇಡಂ ಎಂದಳು, ಏನನ್ನ, ಇನ್ನೂ ಎಲ್ಲಾದ್ರೂ ಎದ್ದಿದೆಯಾ ಅಂತ, ಇಲ್ಲಮ್ಮ, ಅದೊಂದೇ ಇರೋದು, ಎಂದೆ ನಾನು, ಇಷ್ಟು ತಿಂಗಳು ಚೀಲದಲ್ಲಿ ಹೊತ್ತು ತಿರುಗಿದವಳು, ಅಜ್ಜಿಗೂ ಮಗಳಿಗೂ ಆ ಒಂದು ತಂತಿಯ ತನಕ ಎಳೆದು ತೋರಿಸಿ ಸಾಕು ಮಾಡಿದವಳು, ಆದ್ರೂ ನೋಡ್ತೀನಿ ಎಂದಳು, ಈ ಕಡೆ ಹಿಡ್ಕೊಳ್ಳಿ ಮೇಡಂ ಎಂದು ಒಂದು ತುದಿಯನ್ನು ನನ್ನ ಕೈಗೇ ಕೊಟ್ಟಳು, ಬೋಲ್ಟನ್ನು ಜೇಬಿಗೆ ಹಾಕಿ ಹಿಡಿದುಕೊಂಡೆ, ಇನ್ನೊಂದು ತುದಿ ಅವಳ ಕೈಯಲ್ಲಿ, ತಂತಿಯಿಂದ ಬಟ್ಟೆಯನ್ನು ಹರಿಯದ ಹಾಗೆ ಬಿಡಿಸಿದಳು, ಮುಂದಕ್ಕೆ ಸುತ್ತಿದಳು, ಎಳೆದಳು, ಮೇಲೆ ಪರದೆ ಪೂರಾ ಸರಿದ ಸದ್ದು, ಮೇಡಂ ಎದ್ದು ನಿಂತಿರಬೇಕು, ಮಂಡಿಯೂ ಮರೆತಿರಬೇಕು, ನಾನು ತಲೆ ಎತ್ತುತ್ತಿಲ್ಲ, ಜಾರುತ್ತಿದೆ, ಹಸಿರು ಮೆತ್ತಿದ ಆ ಬಟ್ಟೆ ನನ್ನ ಬೆರಳುಗಳ ಕಡೆಗೆ ಜಾರುತ್ತ ಬರುತ್ತಿದೆ, ಟೇಪಿಗೆ ಇನ್ನು ಎರಡು ಬೆರಳಷ್ಟು ದೂರ, ಅಲ್ಲೇನೂ ಇಲ್ಲ ಕಣೇ, ನಾನು ನೋಡಿದ್ದೇನೆ, ನೋಡಿದ್ದೇನಾ — ಇಲ್ಲೂ ಇದೆ ಮೇಡಂ, ಎಂದಳು ಅವಳು, ಕಳೆದುಹೋಗಿದ್ದ ಕೀಲಿಕೈ ಸಿಕ್ಕವರ ಹಾಗೆ, ಬಟ್ಟೆ ನಿಂತಿದೆ, ಎಳೆಯುತ್ತಿದ್ದಾಳೆ, ಬರುತ್ತಿಲ್ಲ, ಬಟ್ಟೆ ನಿಂತಿದೆ