ಗೊರಕೆಗೆ ಪುರಾವೆ

ಟುಣುಕ್ ಎಂದಿತು ಕಂಪ್ಯೂಟರು, ಅಂದರೆ ಬಾಗಿಲಿಗೆ ಯಾರೋ ಬಂದಿದ್ದಾರೆಂದು ಅದಕ್ಕೆ ಗೊತ್ತಾಗಿದೆ, ಒಳಗೆ ಕರೆಯುವ ಮನಸ್ಸು ಮಾತ್ರ ಇಲ್ಲ, ಫೋನಿನ ಮೇಲೆ ಚಾರ್ಜ್ ಆಗುತ್ತಿದೆ ಎಂಬ ಹಸಿರು ಮಿಂಚು ಬಂತು, ಹೋಯಿತು, ಮತ್ತೆ ಟುಣುಕ್, ಬಂದವರು ಹೊರಟೂ ಬಿಟ್ಟರು — ಈ ಕೇಬಲ್ಲಿನ ಕುತ್ತಿಗೆ ಉಳುಕಿದೆ, ಓರೆಯಾಗಿ ಹಿಡಿದರೆ ಬರುತ್ತದೆ, ಕೈ ಸಡಿಲಿಸಿದರೆ ಹೋಗುತ್ತದೆ, ಎಳೆಗೂಸಿನ ತಲೆ ಹಿಡಿದ ಹಾಗೆ ಎಷ್ಟು ಹೊತ್ತು ಹಿಡಿದು ಕೂರಲಿ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ ಫೋನು ಕೊಡುತ್ತೇನೆ ಅನ್ನುತ್ತದೆ, ಕಂಪ್ಯೂಟರು ತಗೊಳ್ಳುತ್ತೇನೆ ಅನ್ನುತ್ತದೆ, ನಡುವೆ ಮೊಳದುದ್ದದ ವೈರು ಮುನಿಸಿಕೊಂಡಿದೆ, ಗೋಡೆಯಾಚೆ ನನ್ನ ಗಂಡ, ಮಧ್ಯಾಹ್ನದ ಊಟ ಮುಗಿಸಿ ದಿಂಬಿಗೆ ತಲೆ ಕೊಟ್ಟಿದ್ದಷ್ಟೇ, ಶುರು, ಯಾರೋ ಕಬ್ಬಿಣದ ಬೀರುವನ್ನು ನೆಲದ ಮೇಲೆ ಎಳೆದ ಹಾಗೆ, ಎಳೆದು ತುದಿಯಲ್ಲಿ ಒಂದಿಷ್ಟು ಅಲುಗಾಡಿಸಿ ಕೆಳಗಿಟ್ಟ ಹಾಗೆ, ಮತ್ತೆ ಎಳೆದ ಹಾಗೆ. ಇದಕ್ಕೆ ಪುರಾವೆ ಬೇಕಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಬೇಕಂತೆ, ಇವರಿಗೂ ಬೇಕು, ಇವರ ತಂಗಿಗೂ ಬೇಕು, ನಮ್ಮ ಕಡೆ ಯಾರಿಗೂ ಗೊರಕೆ ಇಲ್ಲ ಅತ್ತಿಗೆ, ನಿಮ್ಮ ಕಿವಿ ಸೂಕ್ಷ್ಮ, ದಿನವಿಡೀ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಇಲ್ಲದ್ದೆಲ್ಲ ಕೇಳುತ್ತೆ, ಅಂದಳು ನಾದಿನಿ, ಅಣ್ಣನ ಪರ ವಹಿಸುವುದರಲ್ಲಿ ಅವಳು ಹುಟ್ಟು ವಕೀಲೆ, ಇವರು ಪಕ್ಕದಲ್ಲಿ ಗೆದ್ದವರ ಹಾಗೆ ಕೂತು, ನೋಡು ಲೇ, ನಾನು ಗೊರಕೆ ಹೊಡೀತೀನಿ ಅಂತ ನೀನು ತೋರಿಸಿಕೊಟ್ರೆ ಅವತ್ತೇ ಏಣಿ ಹತ್ತಿ ಆ ಫ್ಯಾನಿಗೆ ಎಣ್ಣೆ ಬಿಡ್ತೀನಿ, ಅಂದರು, ಎಷ್ಟು ಕಾಲದಿಂದ ನಾಳೆ ನಾಳೆ ಅನ್ನುತ್ತಿರುವ ಎಣ್ಣೆ ಅದು. ಮೊನ್ನೆ ಇವರಿಗೆ ರಜೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಫೋನಿಟ್ಟು ರೆಕಾರ್ಡರ್ ಒತ್ತಿ ನಾನು ಹೊರಗಿನ ಕೋಣೆಯಲ್ಲಿ ಮಲಗಿದೆ, ಇಡೀ ರಾತ್ರಿ ಸಿಕ್ಕಿದೆ, ಇಡೀ ರಾತ್ರಿ ಆದ್ದರಿಂದಲೇ ಈ ಪಾಡು, ವಾಟ್ಸಾಪಿಗೆ ಹಾಕಲು ಹೋದರೆ ಇಷ್ಟು ದೊಡ್ಡದು ನನ್ನ ಕೈಲಾಗುವುದಿಲ್ಲ ಎಂದು ಕೈ ಚೆಲ್ಲಿತು. ಕಂಪ್ಯೂಟರಿಗೆ ಇಳಿಸಿಕೊಂಡು ಚೆಂದದ ತುಣುಕೊಂದನ್ನು ಕತ್ತರಿಸಬೇಕು, ಭಾನುವಾರ ನಾದಿನಿ ಊಟಕ್ಕೆ ಬಂದಾಗ ಕೇಳಿಸಬೇಕು.

ಒಳ್ಳೆಯ ಕೇಬಲ್ಲು ಇವರ ತಲೆದೆಸೆಯಲ್ಲಿದೆ, ಒಳ್ಳೆಯ ಸಾಮಾನೆಲ್ಲ ಇವರ ಕಡೆಗೇ ಹೇಗೆ ಹರಿದುಹೋಗುತ್ತದೋ, ಬೆಕ್ಕಿನ ಹೆಜ್ಜೆ ಇಡುತ್ತ ಹೋದೆ, ಬೇಕಿರಲಿಲ್ಲ, ಡೋಲು ಬಡಿದರೂ ಏಳುವವರಲ್ಲ, ಬಾಯಿ ತೆರೆದಿದೆ, ಗಲ್ಲದಡಿ ಮಡಿಕೆ ಬಿದ್ದಿದೆ, ಮದುವೆಯ ಹೊಸತರಲ್ಲಿ ಈ ಕುತ್ತಿಗೆಗೆ ಅಂಗಿಯ ಕಾಲರು ಸಡಿಲ, ಈಗ ಮೇಲಿನ ಗುಂಡಿ ಬಿಚ್ಚಿಯೇ ಡ್ಯೂಟಿ, ಮೇಲೆ ಫ್ಯಾನು ತಿರುಗುತ್ತಿದೆ, ಸುತ್ತಿಗೊಮ್ಮೆ ಟಿಕ್, ಟಿಕ್, ನೋಡಿಕೋ, ನಿನಗೆ ಎಣ್ಣೆಯ ಕಾಲ ಬಂತು. ಬ್ಯಾಗು ಬಾಗಿಲ ಹಿಂದೆ ಸಿದ್ಧವಾಗಿ ತೂಗುತ್ತಿದೆ, ಸಂಜೆ ಪಾಳಿ, ಇವರು ಓಡಿಸುವ ಬಸ್ಸು, ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ನಿಂತವರು ಕೂತವರು ಸೇರಿ ಒಂದು ಮದುವೆಯ ಜನ, ಎಲ್ಲ ಇವರ ಬೆನ್ನ ಹಿಂದೆ. ಒಳ್ಳೆಯ ಕೇಬಲ್ಲು ಸಿಕ್ಕಿಸಿದೆ, ಟುಣುಕ್, ಈ ಸಲ ಅತಿಥಿ ಕೂತರು. ಫೋಲ್ಡರು ತೆರೆದರೆ ಖಾಲಿ, ಹೌದಲ್ಲ, ಫೋನಿನ ಬೀಗ ತೆಗೆದಿಲ್ಲ, ತೆಗೆದೆ, ಮೇಲಿನಿಂದ ಬೆರಳು ಎಳೆದೆ, ಚಾರ್ಜ್ ಮಾತ್ರ ಎಂದಿತ್ತು, ಅದನ್ನೊತ್ತಿ ಫೈಲ್ ಟ್ರಾನ್ಸ್‌ಫರ್ ಅಂದೆ, ತಟ್ಟನೆ ಮನೆಯೆಲ್ಲ ತೆರೆದುಕೊಂಡಿತು, ಫೋಟೊ, ಡೌನ್‌ಲೋಡು, ರೆಕಾರ್ಡಿಂಗ್, ಅಲ್ಲಿ ಒಂದೇ ಒಂದು ಫೈಲು, ನನ್ನ ಗಂಡನ ಒಂದು ರಾತ್ರಿ. ಕಾಪಿ ಅಂದೆ, ಕಟ್ ಅನ್ನಲಿಲ್ಲ, ಅದು ವೃತ್ತಿಯ ಬುದ್ಧಿ, ಬೇರೆಯವರ ಮಾತನ್ನು ಬೆರಳಚ್ಚು ಮಾಡಿ ಬದುಕುವವಳು ಮೂಲವನ್ನು ಇದ್ದಲ್ಲೇ ಬಿಡಬೇಕು, ನಾಳೆ ಯಾರಾದರೂ ನಾನು ಹಾಗೆ ಹೇಳೇ ಇಲ್ಲ ಎಂದರೆ ಮತ್ತೆ ಹೋಗಿ ಕೇಳಲು ಒಂದು ಜಾಗ ಬೇಕು. ಸಭೆಗಳು, ಸಂದರ್ಶನಗಳು, ಆಸ್ತಿ ಜಗಳದಲ್ಲಿ ಅಣ್ಣತಮ್ಮಂದಿರ ಹೇಳಿಕೆಗಳು, ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು, ಒತ್ತಿದರೆ ಮಾತು ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ, ಯಾರಾದರೂ ಮಾತಿನ ನಡುವೆ ಸುಮ್ಮನಾದರೆ ಅದನ್ನೂ ಬರೆಯಬೇಕು, ಕಂಸದೊಳಗೆ ಮೌನ ಎಂದು, ಕೆಲಸ ಕೊಡುವ ಮೇಡಂ ಮೊದಲ ದಿನವೇ ಹೇಳಿದ್ದರು, ಮೌನವನ್ನ ಬಿಟ್ಟುಬಿಡಬೇಡಮ್ಮ, ಎಷ್ಟೋ ಸಲ ಕೇಸೇ ಅದರಲ್ಲಿರುತ್ತೆ. ಹಸಿರು ಪಟ್ಟಿ ತೆವಳುತ್ತಿದೆ, ಅರ್ಧ ದಾಟಿತು. ಇವರ ಬಾಯಲ್ಲಿ ಮೌನವೆಂಬುದೇ ಇಲ್ಲ, ಎದ್ದಿದ್ದರೆ ಮಾತು, ಮಲಗಿದರೆ ಇದು, ಊಟದ ತಟ್ಟೆಯ ಮುಂದೂ ಈಚೆಗೆ ತೂಕಡಿಕೆ, ತುತ್ತು ಕೈಯಲ್ಲೇ, ಕಣ್ಣು ಮುಚ್ಚಿದೆ, ರೀ ಅಂದರೆ ಹಾಂ ಅನ್ನುತ್ತಾರೆ, ಎದ್ದ ಕೂಡಲೇ ತಲೆನೋವು, ಹೋದ ವಾರ ನಗುತ್ತ ಬಂದು ಹೇಳಿದರು, ಕಣ್ಣು ಮುಚ್ಚಿ ತೆರೆಯೋದರಲ್ಲಿ ಒಂದು ಸ್ಟಾಪೇ ಹಿಂದಕ್ಕೆ ಹೋಗಿತ್ತು ಲೇ, ಕನ್ನಡೀಲಿ ನೋಡ್ತೀನಿ, ಒಬ್ಬ ಅಜ್ಜ ಕೊಡೆ ಆಡಿಸ್ತಾ ಬಸ್ಸಿನ ಹಿಂದೆ ಓಡ್ತಿದ್ದಾನೆ, ಪಾಪ, ನಾನೂ ನಕ್ಕೆ, ಆ ಅಜ್ಜ ಓಡಿದ ಹಾಗೆ ನಾಲ್ಕು ಹೆಜ್ಜೆ ಅಡುಗೆಮನೆಯಲ್ಲಿ ಓಡಿಯೂ ತೋರಿಸಿದರು. ಹಸಿರು ಪಟ್ಟಿ ತುಂಬಿತು.

ತೆರೆದೆ, ಪರದೆಯ ಉದ್ದಕ್ಕೂ ಇವರ ಗೊರಕೆ ಸದ್ದಿನ ಚಿತ್ರವಾಗಿ ಹರಡಿಕೊಂಡಿತು, ಬೆಟ್ಟ, ಬೆಟ್ಟ, ಬೆಟ್ಟ, ಎಂಥ ಸಂಭ್ರಮ, ನಾದಿನಿಗೆ ಕೇಳಿಸುವುದೂ ಬೇಡ, ತೋರಿಸಿದರೆ ಸಾಕು, ಯಾವ ಬೆಟ್ಟ ದೊಡ್ಡದು ಎಂದು ಆರಿಸುತ್ತ ಹೋದೆ — ಇದೇನಿದು, ಇಲ್ಲಿ ಏನೂ ಇಲ್ಲ. ಬೆಟ್ಟಗಳು, ಆಮೇಲೆ ಒಂದು ನೆಟ್ಟನೆ ಗೆರೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ, ಆಮೇಲೆ ಒಂದು ಎತ್ತರದ ಚೂಪು ಬೆಟ್ಟ, ಮತ್ತೆ ಸಾಲು, ಮತ್ತೆ ನೆಟ್ಟನೆ ಗೆರೆ. ಸಾಗುವಾಗ ಹರಿದಿದೆ, ಹಾಳಾದ ಕೇಬಲ್ಲು, ಒಳ್ಳೆಯದೆಂದು ಹೆಸರು ಬೇರೆ, ಅಳಿಸಿ ಮತ್ತೆ ಕಾಪಿ ಕೊಟ್ಟೆ, ಫೋನನ್ನು ಮುಟ್ಟದೆ ಕೈ ಕಟ್ಟಿ ಕೂತೆ, ಗೋಡೆಯಾಚೆ ಬೀರು ಎಳೆಯುತ್ತಲೇ ಇದ್ದಾರೆ, ಪಟ್ಟಿ ತೆವಳಿ ತುಂಬಿತು, ತೆರೆದೆ, ಅದೇ ಜಾಗದಲ್ಲಿ ಅದೇ ಗೆರೆ. ಫೈಲಿನ ತೂಕ ನೋಡಿದೆ, ಅಲ್ಲೆಷ್ಟೋ ಇಲ್ಲೂ ಅಷ್ಟೇ, ಒಂದು ಕೂದಲಿನಷ್ಟೂ ದಾರಿಯಲ್ಲಿ ಬಿದ್ದಿಲ್ಲ. ಹಾಗಾದರೆ ರೆಕಾರ್ಡರೇ ನಡುನಡುವೆ ನಿದ್ದೆ ಹೋಗಿರಬೇಕು, ಇವರ ಜೊತೆ ಮಲಗಿದ ದೋಷ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೇಬಲ್ಲಾಯಿತು, ಈಗ ರೆಕಾರ್ಡರಿನ ಸರದಿ, ಮೂಲವನ್ನೇ ಕೇಳೋಣ ಎಂದು ವೈರು ಕಿತ್ತು ಫೋನಿಗೇ ಹೆಡ್‌ಫೋನು ಸಿಕ್ಕಿಸಿದೆ, ಬೆರಳಿಂದ ಆ ಜಾಗಕ್ಕೆ ಎಳೆದುಕೊಂಡು ಹೋದೆ, ಬೀರು ಬಂತು, ಎಳೆಯಿತು, ಅರ್ಧಕ್ಕೆ ನಿಂತಿತು, ಈಗ ಏನೂ ಕೇಳಬಾರದು, ರೆಕಾರ್ಡರು ನಿದ್ದೆ ಹೋಗಿದ್ದರೆ ಏನೂ ಇರಬಾರದು — ಟಿಕ್. ಟಿಕ್. ಟಿಕ್. ಫ್ಯಾನು ತಿರುಗುತ್ತಿದೆ. ಎಲ್ಲೋ ದೂರದಲ್ಲಿ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಟಿಕ್. ಎಲ್ಲ ಇದೆ, ಇವರೊಬ್ಬರಿಲ್ಲ. ನನ್ನ ಬೆರಳುಗಳು ರೂಢಿಯಂತೆ ಕೀಲಿಗಳ ಮೇಲೆ ಬಂದು ಕೂತಿವೆ, ಕಂಸ, ಮೌನ, ಕಂಸ ಎಂದು ಒತ್ತಿಯೂ ಆಯಿತು, ಮುಗಿಯಲಿಲ್ಲ, ಇಷ್ಟು ಹೊತ್ತಿನಲ್ಲಿ ನಾನು ಒಂದು ಪೂರ್ತಿ ಸಾಲು ಬರೆಯಬಲ್ಲೆ, ಅದರ ಕೆಳಗೆ ಇನ್ನೊಂದು, ಅಣ್ಣತಮ್ಮಂದಿರ ಯಾವ ಜಗಳದಲ್ಲೂ ಇಷ್ಟುದ್ದದ ಮೌನ ನನಗೆ ಸಿಕ್ಕಿಲ್ಲ, ಆಮೇಲೆ ಆ ಚೂಪು ಬೆಟ್ಟ, ನೀರಿನಡಿಯಿಂದ ಮೇಲೆದ್ದವನು ಗಾಳಿಯನ್ನು ಕಿತ್ತುಕೊಂಡ ಹಾಗೆ. ನನಗೆ ಇದು ಗೊತ್ತು. ಗೊತ್ತು, ಎಷ್ಟು ವರ್ಷಗಳಿಂದ ಗೊತ್ತು, ಮಂಚದ ಈ ಬದಿಯಲ್ಲಿ ಕಿವಿಗೆ ದಿಂಬು ಒತ್ತಿಕೊಂಡು ಕಾಯುತ್ತಿರುತ್ತೇನೆ, ಗೊರಕೆ ನಿಲ್ಲುತ್ತದೆ, ಅಬ್ಬ, ನಿಂತಿತು ಎನ್ನುತ್ತೇನೆ, ಆ ನೆಮ್ಮದಿಯಲ್ಲೇ ನನಗೆ ನಿದ್ದೆ ಹತ್ತುತ್ತದೆ. ದಿನವೂ ನನಗೆ ನಿದ್ದೆ ಹತ್ತಿದ್ದು ಇವರು ಉಸಿರಾಡದೆ ಇದ್ದಾಗ. ಕಂಪ್ಯೂಟರಿನಲ್ಲಿ ಆ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ, ಇನ್ನೂ ದೊಡ್ಡದು, ನೆಟ್ಟಗೇ ಇದೆ, ಅದರ ಮೇಲೆ ಎಳ್ಳಿನಷ್ಟು ಚುಕ್ಕೆಗಳು, ಒಂದರಿಂದೊಂದು ಸಮ ದೂರದಲ್ಲಿ, ಫ್ಯಾನಿನ ಚುಕ್ಕೆಗಳು. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಗೋಡೆಯಾಚೆ ಸದ್ದಿಲ್ಲ.

ಕುರ್ಚಿ ಹಿಂದಕ್ಕೆ ಬಿತ್ತು, ಬೀಳಲಿ, ಬಾಗಿಲಲ್ಲಿ ನಿಂತಿದ್ದೇನೆ, ಟಿಕ್, ಬಾಯಿ ಹಾಗೇ ತೆರೆದಿದೆ, ಎದೆ ಏಳಲು ಹೆಣಗುತ್ತಿದೆ, ಒಳಗೆ ಯಾರೋ ಮುಚ್ಚಿದ ಬಾಗಿಲನ್ನು ಒತ್ತುತ್ತಿರುವ ಹಾಗೆ, ಗಾಳಿ ಬರುತ್ತಿಲ್ಲ, ಟಿಕ್, ಇಲ್ಲಿ ನನ್ನ ಕಾಲಡಿಗೆ ಪೆಡಲಿಲ್ಲ, ಮುಂದಕ್ಕೆ ಓಡಿಸಲಾರೆ, ಹಿಂದಕ್ಕೂ ಆಗದು, ಟಿಕ್, ಭುಜ ಹಿಡಿದು ಅಲುಗಿಸಿದೆ, ಆ ಚೂಪು ಬೆಟ್ಟ ಇವರ ಗಂಟಲಿಂದ ಎದ್ದಿತು, ಕಣ್ಣು ಬಿಟ್ಟರು. ಏನು ಲೇ, ಗೊರಕೆನಾ. ಇಲ್ಲ, ಈಗ ಹೊಡೀತಿರಲಿಲ್ಲ, ಅಂದೆ. ನಾನು ಹೇಳಿಲ್ವಾ, ಎಂದು ಗೆದ್ದವರ ನಗೆ ನಕ್ಕರು, ಇಷ್ಟು ವರ್ಷಕ್ಕೆ ನಿನ್ನ ಬಾಯಲ್ಲೇ ಬಂತು, ತಂಗಿಗೆ ಈಗಲೇ ಫೋನ್ ಮಾಡ್ತೀನಿ. ನನಗೆ ಅಳು ಬಂತು, ಇವರಿಗೆ ಕಾಣದ ಹಾಗೆ ಮುಖ ತಿರುಗಿಸಿ, ಬನ್ನಿ, ನಿಮಗೊಂದು ಕೇಳಿಸಬೇಕು, ಅಂದೆ, ಬಂದರು, ಲುಂಗಿ ಬಿಗಿಯುತ್ತ ಆಕಳಿಸುತ್ತ, ಬಿದ್ದ ಕುರ್ಚಿಯನ್ನು ಎತ್ತಿಟ್ಟು ಕೂತರು, ಹೆಡ್‌ಫೋನನ್ನು ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ ನಾನೇ ಹಾಕಿದೆ, ಇವರ ಕಿವಿಗೆ ಅದು ಬಿಗಿ, ಪಕ್ಕದಲ್ಲಿ ನಿಂತು ಪೆಡಲಿನ ಮೇಲೆ ಕಾಲಿಟ್ಟೆ, ಎದುರಿನ ಕಿಟಕಿಯಲ್ಲಿ ಬಿಸಿಲು ಇನ್ನೂ ಇದೆ, ಬಸ್ಸಿಗೆ ಇನ್ನೂ ಹೊತ್ತಿದೆ. ಬೆಟ್ಟಗಳು ಓಡಿದವು, ಇವರ ಹುಬ್ಬು ಮೇಲೇರಿತು, ಇದು ನಾನಲ್ಲ, ಹಳೇ ಬಸ್ಸಿನ ಇಂಜಿನ್ನು, ಎಂದು ಜೋರಾಗಿ ಅಂದರು, ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ, ಆಮೇಲೆ ಗೆರೆ ಬಂತು. ನೋಡು, ನಿಂತೇ ಹೋಯ್ತು, ಎಂದರು. ಫ್ಯಾನು ಕೇಳ್ತಿದೆ, ಎಂದರು, ಎಣ್ಣೆ ಬಿಡಬೇಕು ಕಣೇ ಅದಕ್ಕೆ. ಪರದೆಯ ಮೇಲೆ ಕೆಂಪು ಕಡ್ಡಿ ಗೆರೆಯುದ್ದಕ್ಕೂ ಸರಿಯುತ್ತಿದೆ, ಇವರು ಅದನ್ನೇ ನೋಡುತ್ತಿದ್ದಾರೆ, ದಾರಿ ನೋಡಿ ನೋಡಿ ಪಳಗಿದ ಕಣ್ಣು, ನಗು ತುಟಿಯ ಮೇಲೆ ಇದ್ದಲ್ಲೇ ಇದೆ, ಅದನ್ನು ತೆಗೆದಿಡುವುದು ಮರೆತಿದ್ದಾರೆ, ಇವರ ಎದೆ ತಾನಾಗಿ ಮೇಲೆ ಬಂತು, ಅಲ್ಲಿ ಮಲಗಿರುವವನ ಪರವಾಗಿ ಇವರು ಇಲ್ಲಿ ಉಸಿರೆಳೆದುಕೊಂಡರು, ಬಿಡದೆ ಹಿಡಿದು ಕಾದರು, ಹಿಡಿದಿಡಲಾರದೆ ಬಿಟ್ಟರು, ಕಡ್ಡಿ ಇನ್ನೂ ಗೆರೆಯ ಮೇಲೇ ಇದೆ. ಇನ್ನೂ ಎಷ್ಟಿದೆ ಲೇ, ಎಂದರು, ಈ ಸಲ ಮೆಲ್ಲಗೆ. ಇನ್ನೂ ಇದೆ, ಅಂದೆ. ಇವರ ಕೈ ಮೇಜಿನ ಮೇಲೆ ತಡವರಿಸಿ ನನ್ನ ಕೈ ಹಿಡಿಯಿತು, ಡಿಪೋಗೆ ಫೋನ್ ಮಾಡು, ಇವತ್ತು ಬಸ್ಸು ಬೇರೆಯವರು ತೆಗೀಲಿ. ಮಾಡುತ್ತೇನೆ, ಮಾಡಬೇಕು, ಡಿಪೋಗೆ, ಆಮೇಲೆ ಡಾಕ್ಟರಿಗೆ, ಕಾಲು ತೆಗೆದರೆ ಇದು ನಿಲ್ಲುತ್ತದೆ, ತೆಗೆಯಲಾರೆ, ಇವರ ಉಸಿರು ಬರುವ ತನಕ ತೆಗೆಯಲಾರೆ, ನೆಟ್ಟನೆ ಗೆರೆ, ಅದರ ಮೇಲೆ ಕಡ್ಡಿ, ಕಡ್ಡಿಯ ಮುಂದೆ ಒಂದು ಚುಕ್ಕೆ, ಇನ್ನೊಂದು ಚುಕ್ಕೆ, ಒಳಕೋಣೆಯಲ್ಲಿ ಫ್ಯಾನು, ಟಿಕ್, ನೆಟ್ಟನೆ ಗೆರೆ, ಚುಕ್ಕೆ, ಟಿಕ್, ನೆಟ್ಟನೆ ಗೆರೆ