ಗಿರಿಯಪ್ಪನ ಹಲಸು

ಕಮರಿಪೇಟೆಯ ಗಿರಿಯಪ್ಪ ಯಾವುದನ್ನೂ ನೆಟ್ಟಗಿನ ಬೆರಳಿನಿಂದ ತೋರಿಸಿದವನಲ್ಲ. ಎಳೆಗಾಯಿಗೆ ಬೆರಳು ಚಾಚಿದರೆ ಅದು ಉದುರುತ್ತದೆಂಬ ಭಯ ನಮ್ಮ ಕಡೆ ಎಲ್ಲರಿಗೂ ಉಂಟು. ಅಂಥಲ್ಲಿ ಬೆರಳು ಮಡಚಿ ತೋರಿಸಿ ಸುಮ್ಮನಾಗುತ್ತೇವೆ. ಗಿರಿಯಪ್ಪ ಆ ಭಯವನ್ನು ಸಕಲ ಚರಾಚರಕ್ಕೂ ವಿಸ್ತರಿಸಿದ್ದ. ಆಕಳ ಕರು, ನೆರೆಮನೆಯ ಕೂಸು, ಹೊಸದಾಗಿ ಹೊದಿಸಿದ ಹಂಚು, ಎಲ್ಲಕ್ಕೂ ಮಡಚಿದ ಬೆರಳೇ. ಪರಸ್ಥಳದವರು ಸ್ಟೇಶನ್ನಿನ ದಾರಿ ಕೇಳಿದರೂ ಅದೇ ಬೆರಳು. ಅವರು ಎಡವೋ ಬಲವೋ ತಿಳಿಯದೆ ಮುಂದಿನ ಅಂಗಡಿಯಲ್ಲಿ ಮತ್ತೆ ಕೇಳುತ್ತಿದ್ದರು.

ಚೈತ್ರದ ಧಗೆಯಲ್ಲೂ ಅವನ ಮೈಮೇಲೊಂದು ಉಣ್ಣೆಯ ಕೋಟು. ಅದರ ಕಿಸೆಯಲ್ಲಿ ಒಣಶುಂಠಿ, ದೇವರ ಅಂಗಾರದ ಪುಡಿಕೆ. ನಡೆದರೆ ಗೋಡೆಯ ಮಗ್ಗುಲಿಗೇ ನಡೆಯುವನು, ಯಾವ ಮಾತಿಗೂ "ಏನಾಗತೈತೋ ಏನೋ" ಎಂಬ ಬಾಲ ಸೇರಿಸದೆ ಬಾಯಿ ಮುಚ್ಚನು. ಓಣಿಯವರು ನಗುತ್ತಿದ್ದರು, ಪಾಪ, ಅವರಿಗೆ ಮುತ್ತವ್ವನ ಸಂಗತಿ ಗೊತ್ತಿರಲಿಲ್ಲ. ಹರೆಯದಲ್ಲಿ ಅವನು ಹೆಂಡತಿ ಮುತ್ತವ್ವನೊಡನೆ ಕೊಡಗಿನ ಕಾಫಿ ತೋಟಕ್ಕೆ ದುಡಿಯಲು ಹೋಗಿದ್ದ. ಕಾಫಿ ಗಿಡಗಳಿಗೆ ನೆರಳಾಗಲೆಂದು ಬೆಳೆಸಿದ ಹಲಸಿನ ಮರಗಳ ಕೆಳಗೇ ಅವರ ಗುಡಿಸಲು. ಅಲ್ಲಿ ಎರಡನೆಯ ಹೆರಿಗೆಯಲ್ಲಿ ಮುತ್ತವ್ವ ಕೂಸಿನ ಸಮೇತ ತೀರಿಕೊಂಡಳು. ಅವನು ಹಿರಿಮಗಳು ಶೇವಂತೆವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ಮರದ ಒಂದು ಬೀಜವನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಬಂದು, ಹಿತ್ತಿಲಲ್ಲಿ ಊರಿದ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಮರ ಮೊದಲ ಸಲ ಫಲ ಹಿಡಿಯಿತು, ಒಂದೇ ಒಂದು ಕಾಯಿ. ಅದೇ ಬೇಸಿಗೆಗೆ ಶೇವಂತೆವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಿರಿಯಪ್ಪನಿಗೆ ಅನ್ನ ಸೇರದಾಯಿತು. ಕಾಯಿಗೆ ಗೋಣಿ ಸುತ್ತಿದ, ದೃಷ್ಟಿ ತಾಗದಿರಲೆಂದು ಹಳೆಯ ಕೆರ ಕಟ್ಟಿದ. ಮಗಳು ಒಮ್ಮೆ ಕೆಮ್ಮಿದರೆ ಸಾಕು, ಓಡಿಹೋಗಿ ಸೂಲಗಿತ್ತಿ ಗುಲ್ಜಾರಬಿಯ ಬಾಗಿಲು ಬಡಿಯುತ್ತಿದ್ದ. ಕೊನೆಗೆ ಹಣ್ಣು ಪಕ್ವವಾಗಿ, ಅದನ್ನು ಇಳಿಸಿಟ್ಟ ಪಡಸಾಲೆಯೆಲ್ಲ ಘಮಘಮಿಸುವಾಗ, ಶೇವಂತೆವ್ವ ತನಗೊಂದು ತೊಳೆ ಬೇಕೆಂದಳು.

ಸಂಕಟ ಶುರುವಾದದ್ದು ಇಲ್ಲಿ. ಬಸುರಿಗೆ ಹಲಸು ಉಷ್ಣವೆಂದು ಓಣಿಯ ಹೆಂಗಸರು ಹೇಳಿದ್ದರು. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತವೆಂದು ಹೇಳಿದವರೂ ಅವರೇ. ಗುಲ್ಜಾರಬಿಯನ್ನು ಕೇಳಿದರೆ, ಎರಡು ತೊಳೆಯಿಂದ ಏನೂ ಆಗುವುದಿಲ್ಲವೆಂದಳು. ಹಾಗಾದರೆ ಮೂರರಿಂದ ಆಗುತ್ತದೆಂದು ಅವನು ತಿಳಿದ. ಮರುದಿನ ಬೆಳಗ್ಗೆ ಹಣ್ಣನ್ನು ಹೆಗಲಿಗೇರಿಸಿ, ಮೇಲೆ ಕೋಟು ಹೊದಿಸಿ, ಯಾರಿಗಾದರೂ ಕೊಟ್ಟುಬಿಡೋಣವೆಂದು ಅಮರಗೋಳದ ದಾರಿ ಹಿಡಿದ. ಅರ್ಧದಾರಿಯಲ್ಲಿ ಕೂಸಿನ ಕಿವಿ ನೆನಪಾಗಿ ತಿರುಗಿದ. ಓಣಿಯ ಹತ್ತಿರ ಬಂದಾಗ ಉಷ್ಣ ನೆನಪಾಗಿ ಮತ್ತೆ ಅತ್ತ ಹೊರಟ. ಬಿಸಿಲೇರುವವರೆಗೂ ಹೀಗೆ ಅಲೆದು, ಬೆವತು, ಕಂಗೆಟ್ಟು ಮನೆಗೆ ಬಂದರೆ ಬಾಗಿಲಲ್ಲಿ ಮಗಳು ನಿಂತಿದ್ದಳು.

"ಯಪ್ಪಾ, ನನಗ ಹಣ್ಣ ಬ್ಯಾಡ," ಎಂದಳು. "ನಿನ್ನ ಮಾರಿ ನೋಡಿದ್ರ, ಅವ್ವನಂಗ ನಾನೂ ಸಾಯ್ತೇನಿ ಅಂತ ಖರೇನ ಅನಸಾಕತ್ತೈತಿ."

ಮಗಳನ್ನು ಕಾಯುತ್ತಿದ್ದೇನೆಂದುಕೊಂಡ ತಾನು ಇಷ್ಟು ದಿನ ಅವಳಿಗೆ ತನ್ನ ಅಂಜಿಕೆಯನ್ನೇ ಉಣಿಸುತ್ತಿದ್ದನೆಂದು ಗಿರಿಯಪ್ಪನಿಗೆ ಆಗ ತಿಳಿಯಿತು. ಅವನು ಕೈಗೂ ಕುಡುಗೋಲಿಗೂ ಎಣ್ಣೆ ಸವರಿಕೊಂಡು ಹಣ್ಣು ಕೊಯ್ದ. ತನ್ನ ಅಂಜಿಕೆ ಅವಳಿಗೆ ಕಾಣಬಾರದೆಂದು ಕೊಡಗಿನದೊಂದು ಕಥೆ ತೆಗೆದ. ಹಲಸಿನ ಅಂಟು ಮೆತ್ತಿಕೊಂಡ ಮಂಗವೊಂದು ತೋಟದ ಲೆಕ್ಕ ಬರೆಯುವ ರೈಟರನ ಮಡಿ ಧೋತರಕ್ಕೆ ಮೂತಿ ಒರೆಸಿದ್ದು, ಆಮೇಲೆ ಧೋತರ ಮಂಗನನ್ನು ಬಿಡದೆ, ಮಂಗ ಧೋತರವನ್ನು ಬಿಡದೆ ಎರಡೂ ಮರವೇರಿದ್ದು. ಶೇವಂತೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತೊಳೆ ತಿಂದಳೆಂದು ಅವನು ಎಣಿಸಲಿಲ್ಲ.

ವಾರದೊಳಗೆ ಬೇನೆ ಬಂತು. ಒಳಗೆ ಮಗಳು ಚೀರಿದಾಗಲೆಲ್ಲ ಹೊರಗೆ ಕಟ್ಟೆಯ ಮೇಲೆ ಗಿರಿಯಪ್ಪ, ಅವಳಿಗೆ ಕೇಳಿಸುವಂತೆ, ಮಂಗನ ಅದೇ ಕಥೆಯನ್ನು ಗಟ್ಟಿಯಾಗಿ ಹೇಳುತ್ತಿದ್ದ. ದನಿ ಎಲ್ಲಿಯೂ ಒಡೆಯಲಿಲ್ಲ. ಹೆಣ್ಣು ಕೂಸು, ತಾಯಿ ಕುಡಿಯಲು ನೀರು ಕೇಳುತ್ತಿದ್ದಾಳೆಂದು ಗುಲ್ಜಾರಬಿ ಬಂದು ಹೇಳಿದ ಮೇಲೆಯೇ ಅವನು ಎದ್ದು ಹಿತ್ತಿಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಇಂಥ ಪುಕ್ಕಲರು ಓಣಿಗೊಬ್ಬರು ಇರುತ್ತಾರೆ, ನಮ್ಮ ನಗೆಗೆ ಗುರಿಯಾಗಿ. ತಮ್ಮ ಜೀವದವರನ್ನು ಒಮ್ಮೆ ಕಳೆದುಕೊಂಡ ಅವರಿಗೆ ಪ್ರೀತಿಗೂ ಭೀತಿಗೂ ನಡುವೆ ಗೆರೆಯೇ ಉಳಿದಿರುವುದಿಲ್ಲ. ತಮ್ಮವರಿಗಾಗಿ ಆ ಭೀತಿಯನ್ನು ಒಂದು ಹೊತ್ತು ನುಂಗಿಕೊಂಡು ನಗಿಸುವುದೇ ಅವರ ಬಾಳಿನ ಮಹಾಸಾಹಸ, ಮತ್ತು ಅದನ್ನು ಸಾಹಸವೆಂದು ಅವರ ಮಕ್ಕಳಿಗೂ ಯಾರೂ ಹೇಳುವುದಿಲ್ಲ.